ಮೌಸ್ ಆದ ಕಾಟಾ

ಮೆಕ್ಕೆಜೋಳ ತುಂಬಿದ ಲಾರಿಯೊಂದು ಕಂಪ್ಯೂಟರಿನಲ್ಲಿ ಕ್ಯಾಲ್ಕ್ಯುಲೇಟರ್ ತೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೌಸನ್ನು ಯಾರೂ ಮುಟ್ಟಿರಲಿಲ್ಲ. ಲಾರಿ ತೂಕದ ಕಾಟಾದ ಮೇಲೆ ಹತ್ತಿದ್ದೇ ತಡ, ಪರದೆಯ ಬಾಣ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿ, ಸಿಕ್ಕಸಿಕ್ಕಲ್ಲಿ ಒತ್ತಿ, ಕೊನೆಗೆ ಕ್ಯಾಲ್ಕ್ಯುಲೇಟರ್ ತೆರೆದು ನಿಂತಿತು. ಡ್ರೈವರ್ ಕಿಟಕಿಯಲ್ಲಿ ತಲೆ ತೂರಿಸಿ, "ಏನ್ರೀ, ತೂಕ ಕೂಡಿಸಿ ಕಳೆದು ಕೊಡ್ತೈತಾ?" ಎಂದ.

ಆವರಗೆರೆ ಹತ್ತಿರದ ಆ ಲಾರಿ ಕಾಟಾ ನನ್ನ ಮಾವನವರದು. ಅದನ್ನು ನಡೆಸುತ್ತಿದ್ದವರು ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಅಕ್ಕ. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ. ಬೆಳಿಗ್ಗೆ ಬಂದವರು ಮೊದಲು ಕಂಪ್ಯೂಟರ್ ಹಚ್ಚುವರು. ಆಮೇಲೆ ಎರಡು ಊದುಬತ್ತಿ ಹಚ್ಚಿ ಅದಕ್ಕೆ ಬೆಳಗಿ, ಗೋಡೆಯ ಲಕ್ಷ್ಮಿಗೆ ಬೆಳಗಿ, ಮೂಲೆಗೆ ಸಿಕ್ಕಿಸಿ, ಕೈಮುಗಿದು, ಕಟ್ಟಕಡೆಗೆ ಕಾಟಾದ ತೂಕ ತೋರಿಸುವ ಪೆಟ್ಟಿಗೆಯ ಸ್ವಿಚ್ ಒತ್ತುವರು. ಅಷ್ಟರಲ್ಲಿ ಹೊರಗೆ ಮೂರು ಲಾರಿ ಹಾರನ್ ಹೊಡೆಯುತ್ತಿರುತ್ತಿದ್ದವು.

ನಾನು ಎಸ್.ಎಸ್. ಬಡಾವಣೆಯಲ್ಲಿದ್ದೆ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಮೇಲಾಗಿ ಅಳಿಯ. ಎರಡೂ ಸೇರಿದರೆ ಮನುಷ್ಯನಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. "ಇದೆಲ್ಲ ಯಾಕ್ರಿ? ಪೆಟ್ಟಿಗೆಗೆ ಬ್ಯಾಟರಿ ಐತೆ, ಆರಿಸಲೇಬ್ಯಾಡ್ರಿ. ಬಂದು ಕಂಪ್ಯೂಟರ್ ಒಂದು ಹಚ್ಚಿದ್ರೆ ಸಾಕು," ಎಂದು ಅಪ್ಪಣೆ ಕೊಡಿಸಿದೆ. ಅಕ್ಕ ಊದುಬತ್ತಿ ಕಟ್ಟನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನದಿಂದ ಬಾಣಕ್ಕೆ ಹುಚ್ಚು ಹಿಡಿಯಿತು. ಎತ್ತಿನ ಗಾಡಿ ಬಂದರೆ ಸಣ್ಣಗೆ ನಡುಗುವುದು, ಟ್ರ್ಯಾಕ್ಟರ್ ಬಂದರೆ ಮೂಲೆ ಸೇರುವುದು. ತೂಕದ ಪ್ರೋಗ್ರಾಮು ಮಾತ್ರ "ಕಾಟಾ ಸಿಗುತ್ತಿಲ್ಲ" ಎಂದು ಹಟ ಹಿಡಿದು ಕೂತಿತು. ಅರವತ್ತು ಅಡಿ ಉದ್ದದ ಕಬ್ಬಿಣದ ಕಾಟಾ, ಮೇಲೊಂದು ಲಾರಿ, ಸಿಗುತ್ತಿಲ್ಲವಂತೆ! ಅಕ್ಕ ಕೈಬರಹದ ಚೀಟಿ ಕೊಟ್ಟರೆ ಯಾವ ಡ್ರೈವರೂ ಮುಟ್ಟಲಿಲ್ಲ. ಮಾವ ಸಿಟ್ಟಾದರು. ಅಳಿಯನ ಮೇಲೆ ಸಿಟ್ಟಾಗುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಅಕ್ಕನ ಮೇಲೆ ಆದರು. "ಪೂಜೆ ಬ್ಯಾಡ ಅಂದಿದ್ಕೆ ಏನೋ ಕಿತಾಪತಿ ಮಾಡೀಯ. ಸೋಮವಾರ ಸರಿಹೋಗ್ಲಿಲ್ಲಂದ್ರೆ ಬರಾಕ ಹೋಗಬ್ಯಾಡ."

ಭಾನುವಾರ ನಾನೊಬ್ಬನೇ ಹೋಗಿ ಕೂತೆ. ಪ್ರೋಗ್ರಾಮುಗಳು ಯಂತ್ರಗಳನ್ನು ನೇರವಾಗಿ ನೋಡುವುದಿಲ್ಲ. ಯಾರ್‍ಯಾರು ಬಂದಿದ್ದಾರೆ ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತವೆ, ಅದು ತನ್ನ ಪಟ್ಟಿ ನೋಡಿ ಹೇಳಿದ್ದನ್ನು ನಂಬುತ್ತವೆ. ಇದನ್ನು ನಾನು ವರ್ಷಗಟ್ಟಲೆ ಹುಡುಗರಿಗೆ ಬರೆಸಿದ್ದೇನೆ. ಆ ಪಟ್ಟಿ ತೆರೆದೆ. ಅಲ್ಲಿ ಕಾಟಾದ ಸುಳಿವೇ ಇರಲಿಲ್ಲ. ಮೌಸ್ ಮಾತ್ರ ಎರಡಿದ್ದವು. ಒಂದು ನನ್ನ ಕೈಯಲ್ಲಿತ್ತು. ಇನ್ನೊಂದು, ಈಗ ಯಾವ ಅಂಗಡಿಯಲ್ಲೂ ಸಿಗದ ಹಳೇ ಕಾಲದ ಉಂಡೆ ಮೌಸ್, ಕಿಟಕಿಯಾಚೆ ಬಿಸಿಲಿನಲ್ಲಿ ಅರವತ್ತು ಅಡಿ ಉದ್ದಕ್ಕೆ ಮಲಗಿತ್ತು. ಅದರ ಮೇಲೆ ಒಂದು ನಾಯಿಯೂ ಮಲಗಿತ್ತು.

ಆಗ ಅರ್ಥವಾಯಿತು. ಸಿಸ್ಟಮ್ ಏಳುವಾಗ ಒಂದೊಂದೇ ತಂತಿಗೆ ಕಿವಿಗೊಟ್ಟು ಯಾರಿದ್ದೀರಿ ಎಂದು ವಿಚಾರಿಸುತ್ತದೆ. ನಾನು ಆರಿಸಬೇಡಿ ಎಂದಿದ್ದ ಪೆಟ್ಟಿಗೆ ಆ ಹೊತ್ತಿಗೇ ತನ್ನ ತಂತಿಯಲ್ಲಿ ತೂಕದ ಅಂಕಿಗಳನ್ನು ಒದರುತ್ತಿತ್ತು. ಅರೆನಿದ್ದೆಯಲ್ಲಿದ್ದ ಸಿಸ್ಟಮ್ ಆ ಗದ್ದಲವನ್ನು ಮೌಸಿನ ಮಾತೆಂದು ಬಗೆದು ಹಾಗೇ ಬರೆದುಕೊಂಡಿತು. ಬರೆದುಕೊಂಡ ಮೇಲೆ ಅದರ ಮೇಲೆ ಆನೆ ನಿಂತರೂ ಅದು ಮೌಸೇ.

ಮೊದಲಾದರೆ ಅಕ್ಕ ಊದುಬತ್ತಿ ಬೆಳಗಿ ಮುಗಿಸುವಷ್ಟರಲ್ಲಿ ಸಿಸ್ಟಮ್ ಪೂರ್ತಿ ಎದ್ದು ವಿಚಾರಣೆ ಮುಗಿಸಿರುತ್ತಿತ್ತು. ಅಕ್ಕನಿಗೆ ಫೋನ್ ಮಾಡಿ, ಕಾಟಾ ಕೊನೆಗೆ ಹಚ್ಚುತ್ತಿದ್ದದ್ದು ಯಾಕೆ ಎಂದು ಕೇಳಿದೆ.

"ಈಗ ಎದ್ದೋರ ಮುಂದೆ ಯಾರಾದ್ರೂ ಒದರ್ತಾರೇನ್ರಿ ಸರ್? ಯಾರು ಏನು ಅಂತ ಗೊತ್ತಾಗಬೇಕಲ್ರಿ ಪಾಪ, ಅದಕ್ಕೆ."

ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಪಾಠ ಹೇಳಿಲ್ಲ.

ಸೋಮವಾರ ಮಾವನವರ ಎದುರು, "ತಪ್ಪು ನನ್ನದು. ಅಕ್ಕ ಮಾಡ್ತಿದ್ದದ್ದೇ ಸರಿ," ಎಂದೆ. ಮಾವ ನನ್ನ ಭುಜ ತಟ್ಟಿ, ಅಲ್ಲಿದ್ದ ಡ್ರೈವರುಗಳಿಗೆ ಕೇಳುವಂತೆ ಹೇಳಿದರು: "ನೋಡ್ರಿ ನಮ್ಮ ಅಳಿಯಂದಿರ ದೊಡ್ಡತನ. ಇನ್ನೊಬ್ರ ತಪ್ಪು ತಾವೇ ಹೊತ್ಕಂತಾರ."

ಇನ್ನೆರಡು ಸಲ ಹೇಳಿದೆ. ಹೇಳಿದಷ್ಟೂ ನನ್ನ ದೊಡ್ಡತನ ಬೆಳೆಯಿತು. ಸೋತು, ಎಲ್ಲವನ್ನೂ ಆರಿಸಿ, ಅಕ್ಕ ಹಿಂದೆ ಮಾಡುತ್ತಿದ್ದ ಕ್ರಮದಲ್ಲೇ ಮತ್ತೆ ಹಚ್ಚಿದೆ. ಲಾರಿ ಹತ್ತಿತು. ಬಾಣ ಅಲುಗಲಿಲ್ಲ. ತೂಕ ಬಂತು, ಚೀಟಿ ಬಂತು.

"ಸರಿಹೋತಲ್ಲ," ಎಂದರು ಮಾವ ಅಕ್ಕನಿಗೆ. "ಕೆಲಸ ಬಿಡಬ್ಯಾಡ. ಆದ್ರೆ ಹಚ್ಚೋದು ಹೆಂಗೆ ಅಂತ ಇವತ್ತೇ ಅಳಿಯಂದಿರ ಹತ್ರ ಕಲ್ತುಕೋ."

ನಾನು ತಲೆ ತಗ್ಗಿಸಿ ನಿಂತಿದ್ದೆ. ಅಕ್ಕ ಚೀಲದಿಂದ ಊದುಬತ್ತಿ ಕಟ್ಟು ತೆಗೆದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಒಂದು ಹಚ್ಚಬೇಕೋ ಎರಡೋ, ಸರ್?"

"ಎರಡು," ಎಂದೆ.

"ಬರ್ಕಳಮ್ಮ, ಮರೀತೀಯ," ಎಂದರು ಮಾವ.

ಅಕ್ಕ ಪೆನ್ನು ತೆಗೆದುಕೊಂಡು ಬರೆದುಕೊಂಡರು.