ಬೋರ್ಡಿಗೆ ಸೇರಿಸಿದ ಎರಡು ಪದ

ಕೆಲಸ ಉಳಿಸಿಕೊಳ್ಳುವ ವಿದ್ಯೆಯೊಂದು ಬಿಟ್ಟು ಅತೀಕಾಳಿಗೆ ಎಲ್ಲ ಬರುತ್ತದೆ. ಅವಳಿದ್ದ ಶಿವಮೊಗ್ಗದ ಕಾಲೇಜಿನಲ್ಲೇ ಕೆಮಿಸ್ಟ್ರಿ ಹೇಳುವ ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಭದ್ರಾವತಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಹಯಾತ್ ಸಾಬರ ಮಗಳು. ದಿನಾ ಬಸ್ಸಿನಲ್ಲಿ ಬಂದು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತಿದ್ದಳು. ಹುದ್ದೆ, ಅತಿಥಿ ಉಪನ್ಯಾಸಕಿ. ಉಪಚಾರವೇನಿಲ್ಲ, ವಿಭಾಗದ ಮುಖ್ಯಸ್ಥರು ಬೇಡ ಎಂದ ದಿನ ಮನೆಗೆ.

ಒಂದು ಟೆಸ್ಟಿನಲ್ಲಿ ಪ್ರಶ್ನೆ ಬಂತು: ಬಿಸಿ ಮಾಡಿದರೆ ವಿಕಿರಣಶೀಲ ವಸ್ತುವಿನ ಕ್ಷಯದ ವೇಗ ಬದಲಾಗುತ್ತದೆಯೇ? ಇಲ್ಲ ಎನ್ನುತ್ತದೆ ಪುಸ್ತಕ. ಸ್ಫೂರ್ತಿ ಎಂಬ ಹುಡುಗಿ ‘ನಕ್ಷತ್ರದೊಳಗೆ ಬದಲಾಗುತ್ತದೆ’ ಎಂದು ಬರೆದಳು. ಅತೀಕಾ ಪೂರ್ತಿ ಅಂಕ ಕೊಟ್ಟಳು. ಮುಖ್ಯಸ್ಥ ಶಿವರಾಜ್ ಅದನ್ನು ಹೊಡೆದು ಸೊನ್ನೆ ಹಾಕಿದರು.

"ಕುಲುಮೆಗೆ ಹಾಕಿದ್ರೆ ಎಲ್ಲಾ ಬದಲಾಗತ್ತೆ ಅಂತ ಭದ್ರಾವತಿಯವ್ರ ಭ್ರಮೆ," ಎಂದು ಸ್ಟಾಫ್‌ರೂಮಿನಲ್ಲಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಕುಲುಮೆ ಸಾಲಲ್ಲ ಸರ್," ಎಂದಳು ಅತೀಕಾ. "ಕೋಟಿಗಟ್ಟಲೆ ಡಿಗ್ರಿ ಬೇಕು. ಆ ಬಿಸಿಗೆ ಪರಮಾಣುವಿನ ಎಲೆಕ್ಟ್ರಾನ್‌ಗಳು ಕಳಚಿ ಹೋಗ್ತವೆ. ಆಗ ರೀನಿಯಮ್ ಥರದ ಭಾರದ ನ್ಯೂಕ್ಲಿಯಸ್ ಹೊರಗೆ ಹಾಕೋ ಎಲೆಕ್ಟ್ರಾನ್‌ಗೆ ಪಕ್ಕದಲ್ಲೇ ಖಾಲಿ ಜಾಗ ಸಿಗತ್ತೆ, ಕ್ಷಯ ಬೇಗ ಆಗತ್ತೆ. ಇಲ್ಲಿ ಅದರಲ್ಲಿ ಅರ್ಧ ಕ್ಷಯ ಆಗೋಕೆ ಸಾವಿರಾರು ಕೋಟಿ ವರ್ಷ. ಎಲೆಕ್ಟ್ರಾನ್ ಪೂರ್ತಿ ಕಳಚಿದ್ರೆ ಮೂವತ್ತು ಚಿಲ್ಲರೆ ವರ್ಷ ಸಾಕು. ಬಿಸಿ ಮಾಡ್ದೆ, ಬೇರೆ ಥರ ಎಲೆಕ್ಟ್ರಾನ್ ಕಳಚಿ ಲ್ಯಾಬಲ್ಲಿ ಅಳೆದಿದ್ದಾರೆ."

"ಸಿಲಬಸ್ಸಲ್ಲಿ ಇಲ್ವಲ್ಲಮ್ಮ. ನಾಳೆ ತಪ್ಪಾಯ್ತು ಅಂತ ಹೇಳಿ ಸರಿ ಉತ್ತರ ಓದಿಸು. ಕೆಲಸ ಬೇಕೋ ಬೇಡ್ವೋ?"

ಟೆಸ್ಟ್ ಮುಗಿದ ಮೇಲೆ ಸರಿ ಉತ್ತರಗಳನ್ನು ಬೋರ್ಡಿನಲ್ಲಿ ಬರೆದು, ಮಕ್ಕಳಿಂದ ಒಟ್ಟಿಗೆ ಗಟ್ಟಿಯಾಗಿ ಓದಿಸುವುದು ನಮ್ಮ ಕಾಲೇಜಿನ ರೂಢಿ. ಮರುದಿನ ಶಿವರಾಜ್ ಹಿಂದಿನ ಬೆಂಚಿನಲ್ಲಿ ಕಾವಲು ಕುಳಿತರು. ಅವರು ಹೇಳಿದ ವಾಕ್ಯವನ್ನೇ ಅತೀಕಾ ಬರೆದಳು: ‘ಎಷ್ಟೇ ಬಿಸಿ ಮಾಡಿದರೂ ಕ್ಷಯದ ವೇಗ ಬದಲಾಗುವುದಿಲ್ಲ.’ ಆಮೇಲೆ ಅದರ ಶುರುವಿನಲ್ಲಿ ಎರಡು ಪದ ಸೇರಿಸಿದಳು: ‘ಭೂಮಿಯ ಮೇಲೆ’.

"ಈಗ ನೀವೂ ಸರಿ ಸರ್, ಸ್ಫೂರ್ತಿನೂ ಸರಿ," ಎಂದಳು. ಮಕ್ಕಳು ಓದಿದರು.

ಆ ವಾರವೇ ಅವಳ ಕೆಲಸ ಹೋಯಿತು.

"ಒಂದು ಮಾತು ತಪ್ಪಾಯ್ತು ಅಂದಿದ್ರೆ ಏನು ಹೋಗ್ತಿತ್ತು ಮಾರಾಯ್ತಿ?" ಎಂದು ಬೈದೆ.

"ಆ ಹುಡುಗಿ ಇನ್ನೊಂದ್ಸಲ ಬಾಯಿ ಬಿಡ್ತಿರ್ಲಿಲ್ಲ ಕಣೆ."

ಈಗ ಅಪ್ಪನ ಶಾಪಿನ ಮೇಲಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಾಳೆ. ಕಾಲೇಜಿನಲ್ಲಿ ಅವಳ ತರಗತಿ ಶಿವರಾಜರ ಪಾಲಾಯಿತು. ಮೊನ್ನೆ ರಿವಿಷನ್ನಿಗೆ ಅವರು ಅದೇ ವಾಕ್ಯವನ್ನು, ಮೊದಲಿನ ಎರಡು ಪದ ಬಿಟ್ಟು, ಬರೆದು ಓದಲು ಹೇಳಿದ್ದಾರೆ. ಪಕ್ಕದ ತರಗತಿಯಲ್ಲಿದ್ದ ನನಗೆ ಗೋಡೆಯಾಚೆಯಿಂದ ಮಕ್ಕಳ ದನಿ ಕೇಳಿಸಿತು. ಎಲ್ಲರಿಗಿಂತ ಗಟ್ಟಿಯಾಗಿದ್ದದ್ದು ಸ್ಫೂರ್ತಿಯದು.

"ಭೂಮಿಯ ಮೇಲೆ," ಎಂದೇ ಎಲ್ಲರೂ ಶುರು ಮಾಡಿದರು.