ಸುವರ್ಣಗೆಡ್ಡೆಯ ಇನ್ನೊಂದು ಹೆಸರು

ಕೊಪ್ಪದಲ್ಲಿ ಬಿ.ಎಸ್ಸಿ. ಓದುವಾಗ, ಗಿಡಗಳ ವೈಜ್ಞಾನಿಕ ಹೆಸರುಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ಹೆಸರಿಗೂ ಎದ್ದು ನಿಂತು ಅರ್ಥ ಕೇಳುತ್ತಿದ್ದೆ. ಮೇಷ್ಟ್ರು ಬೇಸರಿಸದೆ ಹೇಳುತ್ತಿದ್ದರು. ಸುವರ್ಣಗೆಡ್ಡೆಯ ‘ಅಮಾರ್ಫೋಫ್ಯಾಲಸ್’ ಬಂದ ದಿನ ಮಾತ್ರ ಕಿಟಕಿಯ ಕಡೆ ತಿರುಗಿ, “ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊಳ್ಳಮ್ಮ” ಎಂದರು.

ನಾನು ಬಿಡುವವಳೇ? ಸಂಜೆ ಬಸ್‌ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿಗೆ ಹೋಗಿ ಹುಡುಕಿದೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಆಕಾರಗೆಟ್ಟ ಪುರುಷಾಂಗ’ ಎಂದಿತ್ತು. ಅವಸರದಲ್ಲಿ ಕಂಪ್ಯೂಟರ್ ಆಫ್ ಮಾಡಿ ಎದ್ದು ಬಂದೆ.

ಆ ಭಾನುವಾರ ಸೀತೂರಿನ ಮನೆಯಲ್ಲಿ ಅಮ್ಮ ತುರಿಸಬಾರದೆಂದು ಕೈಗೆ ಎಣ್ಣೆ ಸವರಿಕೊಂಡು ಅದೇ ಗೆಡ್ಡೆ ಹೆಚ್ಚುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ.

“ಎಂತ ಆಯ್ತೇ ನಿಂಗೆ?”

ಕಿವಿಯಲ್ಲಿ ಅರ್ಥ ಹೇಳಿ, ಬೈಗುಳಕ್ಕೆ ಕಾದು ನಿಂತೆ.

ಅಮ್ಮ ಹೆಚ್ಚುತ್ತಲೇ ಹೇಳಿದಳು: “ಅದು ಹೂ ಬಿಟ್ಟಿದ್ದು ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತದೆ ಮಾರಾಯ್ತಿ. ನಾಲ್ಕು ಜನಕ್ಕೆ ಬಡಿಸ್ಬೇಕಲ್ಲ, ಅದಕ್ಕೇ ನಾವು ಸುವರ್ಣ ಅನ್ನೋದು.”