ಪೆಲಿಕನ್ ಕೆರೆಯ ಮೇಲೆ ಡೆಲ್ಮರ್ ಹೊರಿಸಿದ ಅಪವಾದಗಳು

ನೆಬ್ರಾಸ್ಕಾದ ಮರಳುಗುಡ್ಡಗಳ ಸೀಮೆಗೆ ಮನೆಗಾಡಿ ಎಳೆದುಕೊಂಡು ಬಂದವರು ಯಾರೇ ಆಗಲಿ, ಎಲ್ಲಿ ತಂಗಬೇಕೆಂದು ಕೇಳಬೇಕಾದದ್ದು ಡೆಲ್ಮರ್ ಕ್ರೂಗರನನ್ನು. ಹಾಗೆಂದು ಎಲ್ಲೂ ಬರೆದು ಹಾಕಿರಲಿಲ್ಲ. ಆದರೆ ನಮ್ಮೂರು ಹ್ಯಾಕ್‌ಬೆರಿಯ ಪೆಟ್ರೋಲ್ ಬಂಕಿನವಳು ಅವನತ್ತ ಕೈ ತೋರಿಸುತ್ತಿದ್ದಳು, ದಿನಸಿ ಅಂಗಡಿಯವನು ಕೈ ತೋರಿಸುತ್ತಿದ್ದ, ನಮ್ಮ ಪಾದ್ರಿಗಳು ಕೂಡ ದೇವರ ವಿಷಯ ಒಂದನ್ನು ಬಿಟ್ಟು ಬೇರೇನು ಕೇಳಿದರೂ ಅವನತ್ತಲೇ ಕೈ ತೋರಿಸುತ್ತಿದ್ದರು.

ಡೆಲ್ಮರ್ ಬೆಳಗಿನ ಹೊತ್ತೆಲ್ಲ ಕೂಡುರಸ್ತೆಯ ಕೆಫೆಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಕೂತಿರುತ್ತಿದ್ದ. ಹೊರಗೆ ಪರಸೀಮೆಯ ನಂಬರಿನ ಗಾಡಿಯೊಂದು ಬಾಲಕ್ಕೆ ಮನೆ ಕಟ್ಟಿಕೊಂಡು ಬಂದು ನಿಂತಿತೆಂದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಬಂದವರನ್ನು ಎದುರಿಗೆ ಕೂರಿಸಿಕೊಂಡು ವೈದ್ಯರ ಹಾಗೆ ವಿಚಾರಿಸುತ್ತಿದ್ದ. ನಾಯಿ ಇದೆಯೆ, ಮನೆಯಾಕೆಗೆ ನಿದ್ದೆ ಹೇಗೆ, ಗಾಳಿಗೆ ತಲೆನೋವು ಬರುತ್ತದೆಯೆ. ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಡುತ್ತಿದ್ದ. ಡ್ರೈ ಕ್ರೀಕಿನಲ್ಲಿ ಗೂಳಿ ಕುದುರೆ ಪಳಗಿಸುವ ರೋಡಿಯೋ ಮೈದಾನಕ್ಕೆ ಹೋಗಿ, ಅಲ್ಲಿ ವಾಸನೆ ಇದೆ, ಆದರೆ ಪ್ರಾಮಾಣಿಕವಾದ ವಾಸನೆ. ಸ್ವೀಡ್ ಹಾಲೋದ ಧಾನ್ಯದ ಗೋದಾಮಿನ ಹಿಂದೆ ಹೋಗಿ, ಅಲ್ಲಿ ನೋಡುವುದಕ್ಕೆ ಏನೂ ಇಲ್ಲ, ಹಾಗಾಗಿ ಕಣ್ಣಿಗೆ ವಿಶ್ರಾಂತಿ. ಹೋದವರು ಸುಖವಾಗಿ ನಿದ್ದೆ ಮಾಡಿ ಎದ್ದು, ಹೋಗುವ ದಾರಿಯಲ್ಲೆಲ್ಲ ಅವನ ಹೆಸರು ಹೇಳುತ್ತಿದ್ದರು.

ಹೋಗಬಾರದ ಜಾಗ ಒಂದೇ. ಪೆಲಿಕನ್ ಕೆರೆ.

ಆ ಪೆಲಿಕನ್ ಕೆರೆಯ ತಂಗುದಾಣವನ್ನು ನೋಡಿಕೊಳ್ಳುವವಳು ನಾನು, ಲವಾನ್. ಕಕ್ಕಸು ತೊಳೆಯುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಎಲ್ಲ ನನ್ನದೇ. ಕೆರೆಯ ದಡದಲ್ಲಿ ದೊಡ್ಡ ಕಾಟನ್‌ವುಡ್ ಮರಗಳು, ಎರಡೆರಡು ಮರದ ನಡುವೆ ಒಂದೊಂದು ಗಾಡಿಯ ಜಾಗ, ಬಾಗಿಲು ತೆರೆದರೆ ನೀರು. ಅಂಥ ಜಾಗದ ಮೇಲೆ ಆ ಮನುಷ್ಯ ಏನೇನು ಹೇಳಿರಬಹುದು? ಮುಳ್ಳುಬೀಜ ನಾಯಿಯ ಕಾಲಿಗೆ ಚುಚ್ಚುತ್ತದಂತೆ. ಮರದ ಅಂಟು ಗಾಡಿಯ ಮೇಲೆ ಸುರಿಯುತ್ತದಂತೆ. ನೀರಿನಲ್ಲಿ ಕಬ್ಬಿಣದ ರುಚಿಯಂತೆ. ಒಂದು ವರ್ಷ ಪೆಲಿಕನ್‌ಗಳು ಗೊರಕೆ ಹೊಡೆಯುತ್ತವೆ ಎಂದೂ ಹೇಳಿದ್ದ. ಓಹಿಯೋದ ಒಬ್ಬಾಕೆ ಅದನ್ನು ನಂಬಿ, ನನಗೇ ಫೋನು ಮಾಡಿ, ಗೊರಕೆ ಯಾವ ತಿಂಗಳು ಕಡಿಮೆ ಎಂದು ಕೇಳಿದ್ದಳು.

ನನಗೆ ಸಿಟ್ಟು ಬರುತ್ತಿತ್ತು, ನಿಜ. ನಾನು ಅವನಿಗೆ ಏನು ಅನ್ಯಾಯ ಮಾಡಿದ್ದೆ? ಅವನ ಹೆಂಡತಿ ವರ್ಡಾ ನನ್ನ ಜೊತೆ ಶಾಲೆಗೆ ಹೋದವಳು.

ಒಂದು ವಸಂತದಲ್ಲಿ ವರ್ಡಾ ಒಬ್ಬಳೇ ನನ್ನ ಹತ್ತಿರ ಬಂದಳು, ಕೈಯಲ್ಲಿ ರೂಬಾರ್ಬ್ ಪೈ. ಹೋಳು ಮಾಡಿ ಕೊಟ್ಟಳು, ತಾನು ತಿನ್ನಲಿಲ್ಲ. ನೀರಿನ ಕಡೆ ನೋಡುತ್ತ ಕೂತಳು. ಆಮೇಲೆ, ದಡದಲ್ಲಿ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಡುವಂಥ ಜಾಗ ಯಾವುದಾದರೂ ಇದೆಯೆ ಎಂದು ಕೇಳಿದಳು. ಆ ಕಡೆ ಕೆರೆ ಇದೆಯಲ್ಲ ಮಾರಾಯ್ತಿ, ಹೊರಡುವುದು ಎಲ್ಲಿಗೆ ಎಂದೆ ನಾನು. ಇಲ್ಲಿ ಎಲ್ಲರೂ ಗಾಡಿಯನ್ನು ಹಿಂದಕ್ಕೆ ನಡೆಸಿಕೊಂಡೇ ಮರಗಳ ನಡುವೆ ತೂರಿಸಬೇಕು.

"ಅದೇ ತೊಂದ್ರೆ ಕಣೇ," ಎಂದಳು ವರ್ಡಾ. "ನಮ್ಮವನಿಗೆ ಹಿಂದಕ್ಕೆ ಬರೋದು ಗೊತ್ತಿಲ್ಲ."

ನಾನು ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ಡ್ರೈ ಕ್ರೀಕಿನ ಮೈದಾನವನ್ನು ನೆನೆಸಿಕೊಂಡೆ. ಸ್ವೀಡ್ ಹಾಲೋದ ಗೋದಾಮನ್ನು ನೆನೆಸಿಕೊಂಡೆ. ಅವನು ಹೊಗಳಿದ ಜಾಗಗಳನ್ನೆಲ್ಲ ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡೆ. ಎಲ್ಲ ಕಡೆಯೂ ನೇರ ಹೊಕ್ಕು ನೇರ ಹೊರಡಬಹುದು. ಇಷ್ಟು ವರ್ಷ ಸೀಮೆಯ ಜನವೆಲ್ಲ ಕೈ ಕಟ್ಟಿ ಕೇಳಿದ ವಿದ್ಯೆ ಇಷ್ಟೇ ಆಗಿತ್ತು.

ಹೊಸದಾಗಿ ಮನೆಗಾಡಿ ಕೊಂಡಾಗ ಒಂದೇ ಒಂದು ಸಲ, ಬೇರೆ ಸೀಮೆಯಲ್ಲಿ, ಹಿಂದಕ್ಕೆ ಬರಲು ನೋಡಿದ್ದನಂತೆ. ಬಾಲಕ್ಕೆ ಕಟ್ಟಿದ ಗಾಡಿಯ ನ್ಯಾಯವೇ ಬೇರೆ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಅಲ್ಲಿದ್ದ ಊಟದ ಮೇಜೊಂದು ಗಾಡಿಯ ಅಡಿಗೆ ಸಿಕ್ಕಿ ಚೂರಾಯಿತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಆವತ್ತಿನಿಂದ ಡೆಲ್ಮರ್ ಮುಂದಕ್ಕೆ ಮಾತ್ರ ಹೋಗುವ ಮನುಷ್ಯನಾದ. ಮನೆಯಲ್ಲೂ ಅಷ್ಟೇ. ಹಿತ್ತಿಲಿನ ಬೇಲಿ ಕಿತ್ತು, ವರ್ಡಾಳ ಹುರುಳಿಕಾಯಿ ಪಾತಿಯ ಮೇಲೆ ಜಲ್ಲಿ ಸುರಿದು, ಒಂದು ಬೀದಿಯಿಂದ ಹೊಕ್ಕು ಇನ್ನೊಂದು ಬೀದಿಗೆ ಹೊರಡುವ ದಾರಿ ಮಾಡಿಕೊಂಡಿದ್ದ. ಮಳೆ ನೀರು ಹರಿದು ಹೋಗುವುದಕ್ಕೆ ಎಂದು ನೆರೆಯವರಿಗೆ ಹೇಳಿದ್ದ.

ವರ್ಡಾ ಬೇಲಿ ಹೋಗಲಿ ಎಂದಳು, ಹುರುಳಿಕಾಯಿ ಹೋಗಲಿ ಎಂದಳು. ಆದರೆ ಈ ಕೆರೆಯನ್ನು ಬಿಡಲಾರೆ ಎಂದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಇದೇ ದಡದಲ್ಲಿ ಹರಕು ಗುಡಾರ ಹಾಕಿದ್ದರು. ಬೆಳಗಿನ ಜಾವ ಮುಳುಕ ಹಕ್ಕಿಗಳ ಜೋಡಿ ಕತ್ತು ನಿಗುರಿಸಿ, ಪಕ್ಕಪಕ್ಕದಲ್ಲೇ ನೀರಿನ ಮೇಲೆ ಓಡಿದ್ದನ್ನು ನೋಡಿದ್ದರು. ಈಗ ಇನ್ನೊಂದು ಸಲ, ತನ್ನ ಬಾಗಿಲಲ್ಲಿ ತನ್ನ ಕುರ್ಚಿ ಹಾಕಿಕೊಂಡು ಅದನ್ನು ನೋಡಬೇಕು. "ಹಕ್ಕಿ ಓಡೋದು ಈ ದಿನಗಳಲ್ಲೇ. ಪ್ರತಿ ವರ್ಷ ಮುಳ್ಳು, ಅಂಟು, ಕಬ್ಬಿಣ ಅಂತಾನೆ. ನಾನು ಹೂಂ ಹೂಂ ಅಂತೀನಿ. ಈ ವರ್ಷ ಹೂಂ ಅನ್ನಲ್ಲ ಕಣೇ ಲವಾನ್."

ಅವಳು ಹೂಂ ಅನ್ನದಿದ್ದ ಬಗೆ ಹೀಗೆ. ಮಾರನೆಯ ದಿನ ಕೆಫೆಯಲ್ಲಿ ಐಯೋವಾದ ದಂಪತಿ ಡೆಲ್ಮರನ ಎದುರು ಕೂತು, ಎಲ್ಲ ಕೇಳಿ ಮುಗಿಸಿ, ಕೊನೆಗೆ, ನೀವು ಸ್ವತಃ ಎಲ್ಲಿಗೆ ಹೋಗುತ್ತೀರಿ ಎಂದರು. ಡೆಲ್ಮರ್ ಕಣ್ಣು ಮುಚ್ಚಿದ. ಪಕ್ಕದ ಮೇಜಿನಲ್ಲಿದ್ದ ವರ್ಡಾ, ಇಡೀ ಕೆಫೆಗೆ ಕೇಳುವ ಹಾಗೆ, "ಈ ಶುಕ್ರವಾರ ಪೆಲಿಕನ್ ಕೆರೆಗೆ. ಆಗಲೇ ಜಾಗ ಹಿಡಿಸಿದಾನೆ," ಎಂದಳು. ಡೆಲ್ಮರ್ ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತಂತೆ.

ಶುಕ್ರವಾರ ಮಧ್ಯಾಹ್ನ ಕಳೆಯುತ್ತಲೇ ನನ್ನ ತಂಗುದಾಣದಲ್ಲಿ ಕುರ್ಚಿಗಳು ಹೊರಬಿದ್ದವು. ಯಾವ ಗಾಡಿ ಹಿಂದಕ್ಕೆ ಬರುವಾಗಲೂ ಅಕ್ಕಪಕ್ಕದವರು ಮಡಿಸುವ ಕುರ್ಚಿ ತಂದು ಹಾಕಿಕೊಂಡು, ಕೆರೆ ನೋಡುವ ನೆಪದಲ್ಲಿ ಕೂರುವುದು ನಮ್ಮಲ್ಲಿ ವಾಡಿಕೆ. ಮುಖ ನೀರಿನ ಕಡೆ, ಕಣ್ಣು ಗಾಡಿಯ ಕಡೆ. ಆವತ್ತು ಡೆಲ್ಮರನ ಶಿಷ್ಯರೆಲ್ಲ ಬಂದಿದ್ದರು. ಐಯೋವಾದವರು ಬಂದಿದ್ದರು. ಮುಂದಿನ ಸಾಲಿನಲ್ಲಿ ಡ್ವೇನ್ ಕುಚೇರಾ. ಅವನು ಜೀವಮಾನವೆಲ್ಲ ದೊಡ್ಡ ಲಾರಿ ಓಡಿಸಿದವನು. ಬೇರೆಯವರು ಓಡಿಸುವುದನ್ನು ನೋಡುವುದೇ ಈಗ ಅವನ ಪಿಂಚಣಿ.

ಡೆಲ್ಮರ್ ಬಂದ. ಒಂದೇ ಉದ್ದ ಸೀಟಿನ ಹಳೇ ಪಿಕಪ್ಪು, ಹಿಂದೆ ಬಿಳಿ ಮನೆಗಾಡಿ. ಕುರ್ಚಿಗಳನ್ನು ನೋಡಿದ. ಮುಖದ ಬಣ್ಣ ಮನೆಗಾಡಿಯ ಬಣ್ಣಕ್ಕೆ ಬಂತು. ವರ್ಡಾ ಇಳಿದು ಪಕ್ಕದಲ್ಲಿ ನಿಂತಳು.

ಮೊದಲನೆಯ ಸಲ ಗಾಡಿಯ ಬಾಲ ಮರದ ಕಡೆಗೆ ಹೋಯಿತು. ಎರಡನೆಯ ಸಲ ನನ್ನ ಕಕ್ಕಸಿನ ಕಡೆಗೆ ಹೋಯಿತು. ಒಳಗಿದ್ದ ಯಾರೋ ಪುಣ್ಯಾತ್ಮರು ಬಾಗಿಲು ತೆರೆದು, ನೋಡಿ, ಮತ್ತೆ ಮುಚ್ಚಿಕೊಂಡರು. ಮೂರನೆಯ ಸಲ ಸೀದಾ ಡ್ವೇನನ ಕಡೆಗೆ ಬಂತು. ಡ್ವೇನ್ ಅವಸರಪಡಲಿಲ್ಲ. ಎದ್ದು, ಕುರ್ಚಿ ಎತ್ತಿಕೊಂಡು, ನಾಲ್ಕು ಮಾರು ಆಚೆ ಹಾಕಿ ಕೂತ. "ಡೆಲ್ಮರ್, ಪೆಲಿಕನ್ ಗೊರಕೆ ಕೇಳ್ತಿದೆಯೇನಪ್ಪಾ, ಇಷ್ಟೊಂದು ಹೆದರ್ತಿದೀಯ?" ಎಂದ.

ಕುರ್ಚಿಗಳ ಸಾಲು ಕೆಮ್ಮಿತು. ನಗುವುದಕ್ಕೆ ನಮ್ಮವರ ಮರ್ಯಾದೆ ಅದು.

ಡೆಲ್ಮರ್ ಗಾಡಿ ನಿಲ್ಲಿಸಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ನಾನು ಹತ್ತಿರವೇ ಇದ್ದೆ. ಸಿಟ್ಟು ತೀರಿಸಿಕೊಳ್ಳಲು ಇಷ್ಟು ವರ್ಷ ಕಾದಿದ್ದೆ ನೋಡಿ, ಆದರೆ ಆ ಕೈಗಳನ್ನು ನೋಡಿದ ಮೇಲೆ ಅದು ಬೇಡವೆನಿಸಿತು. ಅವನು ಕಿಟಕಿಯಿಂದ ಹೆಂಡತಿಗೆ ಮೆಲ್ಲಗೆ ಹೇಳಿದ: "ವರ್ಡಾ, ನೀರು ಕಬ್ಬಿಣದ ವಾಸನೆ ಬರ್ತಿದೆ. ಡ್ರೈ ಕ್ರೀಕಿಗೆ ಹೋಗೋಣ."

ವರ್ಡಾ ಕೆರೆಯ ಕಡೆ ಒಂದು ಸಲ ನೋಡಿದಳು. ಆಮೇಲೆ ಗಾಡಿಯ ಬಲಗಡೆಗೆ ಸುತ್ತಿ ಬಂದು ಆ ಬದಿಯ ಕಿಟಕಿ ಪೂರ್ತಿ ಇಳಿಸಿದಳು.

"ನೀನು ಜೀವಮಾನವೆಲ್ಲ ಏನ್ ಕೆಲ್ಸ ಮಾಡ್ದೆ?" ಎಂದಳು.

"ಇದೇನ್ ಕೇಳ್ತೀಯ. ಟಪಾಲು ಹಾಕ್ದೆ."

"ಮಂಜು ಮುಸುಕಿ ಒಂದೊಂದ್ಸಲ ಡಬ್ಬಿ ಕಾಣದೆ ದಾಟಿ ಹೋಗ್ತಿದ್ದೆಯಲ್ಲ. ಆಗೇನ್ ಮಾಡ್ತಿದ್ದೆ?"

"ಹಿಂದಕ್ಕೆ ಬರ್ತಿದ್ದೆ."

"ಎಲ್ಲಿ ಕೂತ್ಕೊಂಡು?"

ಡೆಲ್ಮರ್ ಬಲಗಡೆಯ ಸೀಟಿನತ್ತ ನೋಡಿದ. ಹಳ್ಳಿ ದಾರಿಯ ಟಪಾಲಿನವರು ಸ್ವಂತ ಕಾರಿನಲ್ಲಿ ಓಡಾಡುವವರು, ಕಾರಿನಿಂದ ಇಳಿಯುವುದಿಲ್ಲ. ಮನೆಮನೆಯ ಡಬ್ಬಿ ರಸ್ತೆಯ ಬಲಕ್ಕೆ, ಸ್ಟಿಯರಿಂಗ್ ಕಾರಿನ ಎಡಕ್ಕೆ. ಹಾಗಾಗಿ ಬಲಗಡೆ ಕೂತು, ಎಡಗಾಲು ಚಾಚಿ ಬ್ರೇಕು ತುಳಿದು, ಎಡಗೈ ಚಾಚಿ ಸ್ಟಿಯರಿಂಗ್ ತಿರುಗಿಸಿ, ಬಲಗೈಯಿಂದ ಕಾಗದ ಹಾಕುತ್ತಾರೆ. ಡೆಲ್ಮರ್ ಈ ಗುಡ್ಡಗಳಲ್ಲಿ ಹಿಮದಲ್ಲೂ ಬಿಸಿಲಲ್ಲೂ ಹಾಗೇ ಓಡಾಡಿದವನು. ಪಿಂಚಣಿಗೆ ಬಂದ ಮೇಲೆ, ಎಲ್ಲರ ಹಾಗೆ ಮರ್ಯಾದೆಯಾಗಿ ಎಡಗಡೆ ಕೂತು ಓಡಿಸಬೇಕೆಂದು ಹಟ ತೊಟ್ಟಿದ್ದ.

"ಈ ಕಡೆ ಜರುಗು," ಎಂದಳು ವರ್ಡಾ.

"ಇಷ್ಟು ಜನರ ಮುಂದೆ?"

"ಇಷ್ಟು ಜನರ ಮುಂದೆ ಕಕ್ಕಸು ಗುದ್ದೋಕೆ ಹೋಗಿದ್ಯಲ್ಲ, ಅದಕ್ಕಿಂತ ಇದು ನಾಚಿಕೆಯಾ? ಜರುಗು ಮಾರಾಯ. ನಾನು ಡಬ್ಬಿ. ನನ್ನನ್ನ ದಾಟಿ ಮುಂದೆ ಬಂದಿದೀಯ. ಅಷ್ಟೇ ಅಂದ್ಕೋ."

ಅವಳು ಹೋಗಿ ಅವರ ಜಾಗದ ಬಾಯಲ್ಲಿ, ಗಾಡಿಯ ಬಲಕ್ಕೆ ಬರುವ ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತಳು. ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದಳು. ಹಾಕಿದ ಸ್ವೆಟರು ಕೆಂಪು. ನಮ್ಮ ಟಪಾಲು ಡಬ್ಬಿಗಳ ಪಕ್ಕದಲ್ಲಿ ತಗಡಿನ ಕೆಂಪು ಬಾವುಟ ಇರುತ್ತದೆ. ಮನೆಯವರು ಕಳಿಸುವ ಕಾಗದ ಒಳಗಿದ್ದರೆ ಅದನ್ನು ಎತ್ತಿ ನಿಲ್ಲಿಸಿರುತ್ತಾರೆ. ಟಪಾಲಿನವನು ಅದನ್ನು ಕಂಡೂ ದಾಟಿ ಹೋಗುವಂತಿಲ್ಲ.

ಡೆಲ್ಮರ್ ಅದನ್ನು ನೋಡಿದ. ಉದ್ದ ಸೀಟಿನ ಮೇಲೆ ಸರಿದು ಸರಿದು ಬಲಗಡೆಗೆ ಬಂದ. ಎಡಗಾಲು ಚಾಚಿದ, ಎಡಗೈ ಚಾಚಿದ, ತಲೆಯನ್ನು ಬಲಗಿಟಕಿಯಿಂದ ಹೊರಗೆ ಹಾಕಿದ. ಕುರ್ಚಿಯವರು ಕೆಮ್ಮುವುದನ್ನೂ ಮರೆತರು. ಹೊರಗಿನಿಂದ ನೋಡಿದರೆ ಗಾಡಿಯನ್ನು ಯಾರೂ ಓಡಿಸುತ್ತಿಲ್ಲ, ಪಕ್ಕದ ಸೀಟಿನ ಮುದುಕನೊಬ್ಬ ಹವಾ ತೆಗೆದುಕೊಳ್ಳುತ್ತಿದ್ದಾನೆ ಎನ್ನುವ ಹಾಗಿತ್ತು.

ಬಿಳಿ ಮನೆಗಾಡಿ ಹಿಂದಕ್ಕೆ ಹೊರಟಿತು. ಮರದ ಕಡೆಗೂ ಅಲ್ಲ, ಕಕ್ಕಸಿನ ಕಡೆಗೂ ಅಲ್ಲ. ಹಸು ಸಂಜೆ ಕೊಟ್ಟಿಗೆಗೆ ಹೋಗುವ ಹಾಗೆ, ಯಾರ ಮಾತನ್ನೂ ಕೇಳಬೇಕಿಲ್ಲ ಎನ್ನುವ ಹಾಗೆ, ಎರಡು ಮರಗಳ ನಡುವೆ ಮೆಲ್ಲಗೆ ಹೊಕ್ಕಿತು. ವರ್ಡಾಳ ಮುಂದೆ ಅದರ ಗೋಡೆ ಹಾದುಹೋಯಿತು, ಕಿಟಕಿ ಪರದೆ ಹಾದುಹೋಯಿತು, ಕೊಂಡಿ ಹಾದುಹೋಯಿತು. ಅವಳು ಕಣ್ಣು ಮಿಟುಕಿಸಲಿಲ್ಲ. ಪಿಕಪ್ಪಿನ ಬಲಗಿಟಕಿ ಅವಳ ಎದುರಿಗೆ ಬಂದು ನಿಂತಿತು.

"ಅಲ್ಲಿಂದ ಕೈ ಎಟಕೋದು ಸ್ಟಿಯರಿಂಗಿನ ತಳಕ್ಕೆ," ಎಂದು ಡ್ವೇನ್ ತನಗೆ ತಾನೇ ಹೇಳಿಕೊಂಡ. "ತಳದಲ್ಲಿ ಹಿಡಿದ್ರೆ ಕೈ ಹೋದ ಕಡೆಗೇ ಬಾಲ ಹೋಗತ್ತೆ. ಲಾರಿ ಕಲಿಯೋರಿಗೆ ಮೊದಲ ದಿನ ಹೇಳೋದೇ ಅದು." ಇಷ್ಟು ಬೇಗ ಮುಗಿದದ್ದು ಅವನಿಗೆ ಬೇಸರವಾಗಿತ್ತು.

ವರ್ಡಾ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದಳು. ಡೆಲ್ಮರ್ ಕಿಟಕಿಯಿಂದ ತೋಳು ಚಾಚಿ, ಅವಳ ಮೊಣಕೈ ಹಿಡಿದು, ಮೆಲ್ಲಗೆ ಆ ಕೈಯನ್ನು ಕೆಳಕ್ಕೆ ಇಳಿಸಿದ. ಕಾಗದ ತೆಗೆದುಕೊಂಡ ಟಪಾಲಿನವನು ಬಾವುಟ ಇಳಿಸಿಯೇ ಹೋಗಬೇಕು, ಅದು ನಿಯಮ.

ಆ ಸಂಜೆ ಹಕ್ಕಿಗಳು ಓಡಲಿಲ್ಲ. ಮಾರನೆಯ ಬೆಳಗ್ಗೆ ಓಡಿದವು. ಇಬ್ಬರೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಡೆಲ್ಮರ್ ಬಲಗಡೆ. ಏನು ಮಾತಾಡಿಕೊಂಡರೋ ನನಗೆ ಕೇಳಲಿಲ್ಲ, ನಾನು ಕಕ್ಕಸು ತೊಳೆಯುತ್ತಿದ್ದೆ. ಆಮೇಲೆ ಅವನು ನನ್ನ ಹತ್ತಿರ ಬಂದು, ಟೋಪಿ ತಿರುಗಿಸುತ್ತ, ನೀರಿನಲ್ಲಿ ಕಬ್ಬಿಣ ಇರುವುದು ಮೊಣಕಾಲಿಗೆ ಒಳ್ಳೆಯದೆಂದು ಕೇಳಿದ್ದೇನೆ ಎಂದ. ಅಷ್ಟನ್ನೇ ಕ್ಷಮಾಪಣೆ ಎಂದುಕೊಂಡೆ. ನನ್ನ ಬೆಳಗಿನ ತಿಂಡಿಯಲ್ಲಿ ಉಳಿದಿದ್ದ ಬನ್ನೊಂದನ್ನು ಅವನಿಗೆ ಕೊಟ್ಟೆ.

ಸೋಮವಾರ ಹೊರಡುವ ದಿನ. ಹೊರಡುವುದಕ್ಕೆ ಹಿಂದಕ್ಕೆ ಬರಬೇಕಿಲ್ಲ, ಮುಂದಕ್ಕೆ ಎಳೆದರೆ ಆಯಿತು. ಡೆಲ್ಮರ್ ಎಡಗಡೆ ಕೂತು ಮರಗಳ ನಡುವಿನಿಂದ ಹೊರಗೆ ಬಂದ, ಎಲ್ಲರಿಗೂ ಕೈ ಬೀಸಿದ, ತಂಗುದಾಣದ ದಾರಿಯನ್ನು ಒಂದು ಸುತ್ತು ಹಾಕಿದ. ಗೇಟಿನ ಹತ್ತಿರ ನಾನು ಬೀಳ್ಕೊಡಲು ನಿಂತಿದ್ದೆ. ಪಿಕಪ್ಪು ಗೇಟಿನಿಂದ ಹೊರಗೆ ಹೋಗಲಿಲ್ಲ. ಇನ್ನೊಂದು ಸುತ್ತು ಹಾಕಿ, ಬಂದು, ಅದೇ ಎರಡು ಮರಗಳ ಮುಂದೆ ನಿಂತಿತು. ಒಳಗೆ ಯಾರೋ ಸೀಟಿನ ಮೇಲೆ ಸರಿದು ಸರಿದು ಬಲಗಡೆಗೆ ಬರುತ್ತಿದ್ದುದು ಕಂಡಿತು.

ಡ್ವೇನ್ ಮಡಿಸಿದ್ದ ಕುರ್ಚಿಯನ್ನು ಮತ್ತೆ ಬಿಡಿಸಿದ. ವರ್ಡಾ ಇಳಿದು, ನನ್ನ ಕಡೆ ಒಂದು ಸಲ ನೋಡಿ, ಮರದ ಬುಡಕ್ಕೆ ಹೋಗಿ ಕೈ ಎತ್ತಿ ನಿಂತಳು.